ಇನ್‌ಡಿಸೈನ್: ಒತ್ತಕ್ಷರ ಬಿಡಿಬಿಡಿ, ಸಾಲಿಗೆ ಸಾಲು ತಾಗುವುದು, ಹುಡುಕಿದರೆ ಪದ ಸಿಗದಿರುವುದು

ಹಾಸನ_ಡಿಟಿಪಿ:
ನಮಸ್ಕಾರ. ಹಾಸನ ಜಿಲ್ಲೆಯ ಹೊಯ್ಸಳ ದೇವಸ್ಥಾನಗಳ ಕೈಪಿಡಿಯೊಂದರ ಮರುಮುದ್ರಣ ನಡೆದಿದೆ. ಹಳೇ ಫೈಲು ಪೇಜ್‌ಮೇಕರ್‌ನದು, ನುಡಿ ಆಸ್ಕಿ ಫಾಂಟು (ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಬಗೆ). ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ಗೆ ತಂದಿದ್ದೇನೆ. 12 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗಿರುವ ಅಂತರ) ಆಟೋ.

'ದೊಡ್ಡಗದ್ದವಳ್ಳಿ'ಯ ಒತ್ತುಗಳು ಕೆಳಗೆ ಕೂರದೆ ಹಲಂತ (ಸ್ವರವಿಲ್ಲವೆಂದು ತೋರುವ ಚಿಹ್ನೆ) ಸಮೇತ ಬಿಡಿಬಿಡಿಯಾಗಿ ಬರುತ್ತಿವೆ. ಆದರೆ ಕೆಲವು ಪುಟಗಳಲ್ಲಿ ಅದೇ ಫಾಂಟಿನಲ್ಲಿ ಸರಿಯಾಗಿದೆ. ಸರಿಯಿರುವ ಕಡೆ 'ಲಕ್ಷ್ಮೀದೇವಿ'ಯ ಮ-ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ; ಚಿತ್ರದಡಿಯ ಬಣ್ಣದ ಪಟ್ಟಿಯಿಂದಲೂ ಆಚೆ ಇಳಿಯುತ್ತದೆ. 'ವಿಷ್ಣುವರ್ಧನ' ಎಂದು ಹುಡುಕಿದರೆ ಕಣ್ಣೆದುರಿಗಿರುವ ಪದವೂ ಸಿಗುವುದಿಲ್ಲ. ಫಾಂಟನ್ನೇ ಬದಲಿಸಬೇಕೇ?

ಅಕ್ಷರಮನೆ:
ಬೇಡ ಸರ್. ಕೆಲವು ಪುಟಗಳಲ್ಲಿ ಸರಿಯಿದೆ ಎಂದರೆ ಫಾಂಟಿನಲ್ಲಿ ಒತ್ತುಗಳೂ ಇವೆ, ಅವನ್ನು ಜೋಡಿಸುವ ನಿಯಮಗಳೂ ಇವೆ. ಆ ನಿಯಮಗಳನ್ನು ಓದಿ ಅಕ್ಷರ, ಸಾಲು ಜೋಡಿಸುವ 'ಕಂಪೋಸರ್' ಎಂಬ ಸೌಲಭ್ಯ ಉಳಿದ ಪುಟಗಳಿಗೆ ಹತ್ತಿಲ್ಲ, ಅಷ್ಟೇ.

ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಜಸ್ಟಿಫಿಕೇಶನ್ ವಿಭಾಗದಲ್ಲಿ ಕಂಪೋಸರ್ ಅನ್ನು 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಮಾಡಿ. ಪ್ರಿಫರೆನ್ಸಸ್‌ನಲ್ಲಿ ಮಾತ್ರ ಬದಲಿಸಿದರೆ ಈಗಾಗಲೇ ಇರುವ ಸ್ಟೈಲುಗಳು ಹಳೇ ಕಂಪೋಸರನ್ನೇ ಹಿಡಿದುಕೊಂಡಿರುತ್ತವೆ. ಪ್ರತಿಯೊಂದು ಸ್ಟೈಲನ್ನೂ ನೋಡಿ. ಅಡಿಟಿಪ್ಪಣಿ, ಕೋಷ್ಟಕಗಳ ಸ್ಟೈಲುಗಳೇ ಹೆಚ್ಚಾಗಿ ತಪ್ಪಿಹೋಗುವುದು.

ಹುಡುಕಾಟದ ಕಾಟಕ್ಕೆ ಕಾರಣ ಬೇರೆ. ಆಸ್ಕಿ ಕಾಲದಲ್ಲಿ ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನೇ ಒತ್ತುವ ರೂಢಿ ಬಹಳ ಇತ್ತು. ಪರಿವರ್ತಕ ಅದನ್ನು ಅಂಕಿಯಾಗಿಯೇ ಉಳಿಸುತ್ತದೆ: 'ವಿಷ್ಣುವಧ೯ನ', 'ಕನಾ೯ಟಕ'. ಗ್ರೆಪ್‌ನಲ್ಲಿ (ಮಾದರಿ ಕೊಟ್ಟು ಹುಡುಕುವ ಸೌಲಭ್ಯ) ಹೀಗೆ ಹುಡುಕಿ:

([ಕ-ಹ][ಾ-ೌ]?)೯

ಬದಲಿ: ರ್$1

೯ರ ಹಿಂದಿನ ಅಕ್ಷರದ ($1) ಮುಂಚೆ 'ರ್' ಬರುತ್ತದೆ. ಎರಡನೇ ಚೌಕಾವರಣದಲ್ಲಿ ಚುಕ್ಕಿವೃತ್ತ ಕಂಡರೆ ಗಾಬರಿ ಬೇಡ, ಸ್ವರಚಿಹ್ನೆ ಒಂಟಿಯಾಗಿ ನಿಂತಾಗ ಹಾಗೆ ಕಾಣುತ್ತದೆ. 'ಚೇಂಜ್ ಆಲ್' ಮಾತ್ರ ಒತ್ತಬೇಡಿ. 'ಪುಟ೯' ಎಂದು ಅಂತರವಿಲ್ಲದೆ ಬರೆದಿದ್ದರೆ ಅದು 'ಪುರ್ಟ' ಆಗಿಬಿಡುತ್ತದೆ. ಒಂದೊಂದಾಗಿ ನೋಡಿಯೇ ಬದಲಿಸಿ.

'ಲಕ್ಷ್ಮೀ'ಯನ್ನೂ ಒಮ್ಮೆ ಪರೀಕ್ಷಿಸಿ. ದೀರ್ಘ ಈ-ಕಾರ ಒಂದೇ ಸಂಕೇತವಾಗಿರುವ ಬದಲು ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿ ಕೂತಿರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ.

ಮೊಳೆಜೋಡಣೆ:
ಸಾಲು ತಾಗುವುದರ ಬಗ್ಗೆ ನಾನು ಹೇಳುತ್ತೇನೆ. ಆಟೋ ಲೀಡಿಂಗ್ ಎಂದರೆ ಅಕ್ಷರದ ಅಳತೆಯ 120 ಶೇಕಡ. 12 ಪಾಯಿಂಟಿಗೆ 14.4. ಕೆಳಗೆ ಒತ್ತು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದಿರುವುದು ಇದಕ್ಕೇ.

ಫಾಂಟ್‌ಫೋರ್ಜ್‌ನಲ್ಲಿ (ಫಾಂಟು ತಿದ್ದುವ ತಂತ್ರಾಂಶ) ಫಾಂಟನ್ನು ತೆರೆದು ಎತ್ತರದ ಗುಡಿಸಿನ ತುದಿ, ಆಳದ ಒತ್ತಿನ ಬುಡ ಎರಡನ್ನೂ ಅಳೆಯಿರಿ. ಉದಾಹರಣೆಗೆ, 1000 ಯೂನಿಟ್ಟಿನ ಎಮ್‌ನಲ್ಲಿ (ಅಕ್ಷರದ ಅಳತೆಗೆ ಸಮನಾದ ಚೌಕ) ಮೇಲೆ 780, ಕೆಳಗೆ 540 ಇದ್ದರೆ ಒಟ್ಟು 1320. 12 ಪಾಯಿಂಟಿಗೆ 15.84 ಆಯಿತು. ಲೀಡಿಂಗ್ 16.5 ಅಥವಾ 17 ಎಂದು ಸಂಖ್ಯೆಯಲ್ಲೇ ಕೊಡಿ. ಕೆಲವು ಫಾಂಟುಗಳ ಎಮ್ 2048 ಇರುತ್ತದೆ, ಭಾಗಿಸುವ ಮುಂಚೆ ನೋಡಿಕೊಳ್ಳಿ.

ಬಣ್ಣದ ಪಟ್ಟಿ ಪ್ಯಾರಾಗ್ರಾಫ್ ಶೇಡಿಂಗ್ ಆಗಿದ್ದರೆ ಅದರ ಕೆಳ ಅಂಚು ಫಾಂಟು ಘೋಷಿಸಿಕೊಂಡ ಕೆಳಮಿತಿ, ಅಂದರೆ ಡಿಸೆಂಟ್‌ಗೆ ನಿಲ್ಲುತ್ತದೆ, ಒತ್ತು ಅದನ್ನೂ ದಾಟಿ ಇಳಿಯಬಹುದು. ಕೆಳಗಿನ ಆಫ್‌ಸೆಟ್ 1 ಮಿ.ಮೀ. ಹೆಚ್ಚಿಸಿ ನೋಡಿ.

ಹಾಸನ_ಡಿಟಿಪಿ:
ಒತ್ತುಗಳು ಕೂತವು, ಪಟ್ಟಿಯೂ ಸರಿಹೋಯಿತು. ಲೀಡಿಂಗ್ 16.5 ಕೊಟ್ಟ ಮೇಲೆ ಪುಟಗಳು ಹೆಚ್ಚಾಗಿವೆ. 11 ಪಾಯಿಂಟಿಗೆ ಇಳಿಸಲೇ? ಇನ್ನೊಂದು: ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದರೆ ಪ್ರತಿ ಚೌಕಟ್ಟಿನ ಮೊದಲ ಸಾಲು ಕೆಳಗೆ ಜಾರುತ್ತಿದೆ.

ಮೊಳೆಜೋಡಣೆ:
11 ಪಾಯಿಂಟಿಗೆ ಲೀಡಿಂಗ್ 15.5 ಕೊಡಬಹುದು, ಓದಲು ತೊಂದರೆಯಿಲ್ಲ. ಅಳತೆ 12ರಲ್ಲೇ ಇಟ್ಟು ಲೀಡಿಂಗ್ ಮಾತ್ರ ಹಿಂಡಬೇಡಿ. ಒತ್ತು ತಾಗಿದ ಸಾಲನ್ನು ಓದುವವರು ಎರಡು ಸಲ ಓದಬೇಕಾಗುತ್ತದೆ.

ಮೊದಲ ಸಾಲು ಜಾರುವುದು ಅಲ್ಲಿ ಅದೇ ಹೆಸರಿನ ಫಾಂಟಿನ ಬೇರೆ ಆವೃತ್ತಿ ಇದ್ದರೆ. ಅಸೆಂಡರ್ (ಫಾಂಟಿನ ಮೇಲ್ಮಿತಿ) ಬೆಲೆ ಬದಲಾಗಿರುತ್ತದೆ, ಚೌಕಟ್ಟಿನ ಮೊದಲ ಬೇಸ್‌ಲೈನ್ (ಅಕ್ಷರಗಳು ಕೂರುವ ಗೆರೆ) 'ಅಸೆಂಟ್' ಎಂದಿರುವಾಗ ಸಾಲು ಅದನ್ನೇ ಅನುಸರಿಸುತ್ತದೆ. ಟೆಕ್ಸ್ಟ್ ಫ್ರೇಮ್ ಆಪ್ಶನ್ಸ್‌ನ ಬೇಸ್‌ಲೈನ್ ಪುಟದಲ್ಲಿ ಅದನ್ನು 'ಲೀಡಿಂಗ್' ಮಾಡಿ.

ಅಕ್ಷರಮನೆ:
ಪ್ರೆಸ್ಸಿಗೆ ಇನ್‌ಡಿಸೈನ್ ಫೈಲನ್ನೇ ಕೊಡಬೇಡಿ, ಪಿಡಿಎಫ್ ಕೊಡಿ. ಅಕ್ರೊಬ್ಯಾಟ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ಸ್‌ಗೆ ಹೋಗಿ ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಅಥವಾ 'ಎಂಬೆಡೆಡ್ ಸಬ್‌ಸೆಟ್' (ಫಾಂಟು ಫೈಲಿನೊಳಗೇ ಸೇರಿದೆ ಎಂದರ್ಥ) ಇದೆಯೇ ನೋಡಿ. ಅಲ್ಲಿ ನುಡಿ ಫಾಂಟಿನ ಹೆಸರು ಇನ್ನೂ ಕಂಡರೆ ಎಲ್ಲೋ ಒಂದು ಶೀರ್ಷಿಕೆಯೋ ಪುಟಸಂಖ್ಯೆಯೋ ಪರಿವರ್ತನೆಯಾಗದೆ ಉಳಿದಿದೆ. ಎಲ್ಲ ಪುಟಗಳಿಗೂ ಮಾದರಿಯಾದ ಮಾಸ್ಟರ್ (ಈಗಿನ ಹೆಸರು 'ಪೇರೆಂಟ್') ಪುಟಗಳಿಂದಲೇ ಹುಡುಕಲು ಶುರುಮಾಡಿ.