ಎಸ್ಸಿಟಲೊಪ್ರಾಮ್ ನಿಲ್ಲಿಸಿದ ಮೇಲೆ ತಲೆಯೊಳಗೆ ಝಿಲ್ ಅನ್ನುತ್ತಿದೆ, ಕಾಯಿಲೆ ವಾಪಸ್ ಬಂತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಖಿನ್ನತೆಗೆ ಎರಡು ವರ್ಷದಿಂದ ಎಸ್ಸಿಟಲೊಪ್ರಾಮ್ 10 ಮಿ.ಗ್ರಾಂ. ತಗೊಳ್ತಿದ್ದೆ. ಒಂದು ವರ್ಷದಿಂದ ಆರಾಮಾಗಿದ್ದೇನೆ. ಎರಡು ವಾರ 5 ಮಿ.ಗ್ರಾಂ., ಆಮೇಲೆ ಎರಡು ವಾರ ಅದೇ 5 ಮಿ.ಗ್ರಾಂ. ದಿನ ಬಿಟ್ಟು ದಿನ, ನಂತರ ಪೂರ್ತಿ ನಿಲ್ಲಿಸಿದೆ. ಇವತ್ತಿಗೆ ನಾಲ್ಕು ದಿನ. ಕಣ್ಣು ಪಕ್ಕಕ್ಕೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ತಲೆಸುತ್ತು, ಸಣ್ಣ ಮಾತಿಗೂ ಅಳು. ಇನ್ನು ಜೀವನಪೂರ್ತಿ ಮಾತ್ರೆಯೇ ಗತಿಯಾ?

ಮನೋವೈದ್ಯೆ: ನೀವು ಹೇಳಿದ್ದನ್ನು ನೋಡಿದರೆ ಇದು ಮಾತ್ರೆ ಬಿಟ್ಟದ್ದರ ತೊಂದರೆ. ಕಾಯಿಲೆ ಮರಳಿದ ಹಾಗೆ ಕಾಣುತ್ತಿಲ್ಲ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಗೆ ಕವಿಯುತ್ತದೆ. ಮಾತ್ರೆ ಬಿಟ್ಟ ತೊಂದರೆ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಆ ಝಿಲ್ ಅನ್ನುವುದು, ತಲೆಸುತ್ತು, ವಾಕರಿಕೆ, ವಿಚಿತ್ರ ಕನಸುಗಳು ಖಿನ್ನತೆಯ ಲಕ್ಷಣಗಳಲ್ಲ. ಅಳು, ಸಿಡಿಮಿಡಿ, ನಿದ್ದೆಗೇಡು ಮಾತ್ರ ಎರಡರಲ್ಲೂ ಇರುತ್ತವೆ. ಗೊಂದಲವಾಗುವುದೇ ಅಲ್ಲಿ. ಮತ್ತೆ ಮಾತ್ರೆ ಶುರು ಮಾಡಿದಾಗ ಕೆಲವು ದಿನಗಳಲ್ಲೇ ಎಲ್ಲ ಇಳಿದರೆ ಅದು ಬಿಟ್ಟ ತೊಂದರೆಯೇ. ಖಿನ್ನತೆಗೆ ಮದ್ದು ನಾಟಲು ವಾರಗಳೇ ಬೇಕು.

ಎಡವಟ್ಟಾದದ್ದು ದಿನ ಬಿಟ್ಟು ದಿನ ತಗೊಂಡದ್ದರಲ್ಲಿ. ಎಸ್ಸಿಟಲೊಪ್ರಾಮ್ ಸುಮಾರು 30 ಗಂಟೆಗೆ ರಕ್ತದಲ್ಲಿ ಅರ್ಧವಾಗುತ್ತದೆ. ಮುಂದಿನ ಮಾತ್ರೆ ನುಂಗುವ ಹೊತ್ತಿಗೆ, ಅಂದರೆ 48 ಗಂಟೆಗೆ, ಮೂರನೇ ಒಂದು ಪಾಲು ಉಳಿದಿರುತ್ತದೆ. ದಿನವೂ ಮಿದುಳಿಗೆ ಏರಿಳಿತ. ಖಿನ್ನತೆಯ ಬೇರೆ ಮದ್ದುಗಳಾದ ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಇನ್ನೂ ಕಷ್ಟ. ವಾರಗಟ್ಟಲೆ ಮೈಯಲ್ಲಿ ಉಳಿಯುವ ಫ್ಲುಆಕ್ಸೆಟಿನ್‌ಗೆ ಮಾತ್ರ ಆ ಕ್ರಮ ಒಗ್ಗುತ್ತದೆ.

ಇನ್ನೊಂದು ವಿಷಯ, ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ. ಡೋಸ್ ಅರ್ಧ ಮಾಡಿದರೆ ಪರಿಣಾಮ ಅರ್ಧವಾಗುವುದಿಲ್ಲ. 10 ಮಿ.ಗ್ರಾಂ.ನಲ್ಲಿ, ಮಿದುಳಿನ ಸೆರೊಟೊನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ಪ್ರೋಟೀನಿನ ಸುಮಾರು ಶೇ. 80ರಷ್ಟನ್ನು ಮದ್ದು ಹಿಡಿದಿರುತ್ತದೆ. 5ಕ್ಕೆ ಇಳಿಸಿದರೂ ಶೇ. 70ರ ಆಸುಪಾಸು. ಆದರೆ 5ರಿಂದ ಸೊನ್ನೆಗೆ ಬಂದಾಗ ಆ ಶೇ. 70 ಒಂದೇ ಏಟಿಗೆ ಹೋಗುತ್ತದೆ. ಮೊದಲ 5 ಮಿ.ಗ್ರಾಂ. ಸಲೀಸು, ಕೊನೆಯ 5 ಕಡಿದಾದ ಇಳಿಜಾರು. ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ.

ಈಗ ನಿಮ್ಮ ವೈದ್ಯರಿಗೆ ಇವತ್ತೇ ಫೋನ್ ಮಾಡಿ. ದಿನವೂ 5ಕ್ಕೆ ಮರಳಿ, ಪೂರ್ತಿ ಸಮಾಧಾನವಾದ ಮೇಲೆ ನಾಲ್ಕು ವಾರ ಅಲ್ಲೇ ನಿಲ್ಲುವ ಬಗ್ಗೆ ಕೇಳಿ. ಮುಂದೆ 3.5, 2.5, 1.5, 1, 0.5, ಆಮೇಲೆ ಸೊನ್ನೆ. ಪ್ರತಿ ಮೆಟ್ಟಿಲಿಗೆ ಎರಡರಿಂದ ನಾಲ್ಕು ವಾರ. ಇದೊಂದು ಮಾದರಿ ಅಷ್ಟೆ. ತೊಂದರೆ ಕಂಡ ಮೆಟ್ಟಿಲಿನಿಂದ ಹಿಂದಿನದಕ್ಕೆ ಹತ್ತಿ, ಮುಂದಿನ ಇಳಿಕೆಯನ್ನು ಚಿಕ್ಕದು ಮಾಡಬೇಕು.

ಪ್ರಶ್ನೆ: ಮೇಡಂ, 1.5 ಮಿ.ಗ್ರಾಂ. ಮಾತ್ರೆ ಎಲ್ಲಿ ಸಿಗುತ್ತೆ?

ಫಾರ್ಮಸಿಸ್ಟ್: ಮಾತ್ರೆಯಲ್ಲಿ ಸಿಗದು, ದ್ರವ ರೂಪದ ಮದ್ದು ಬೇಕು. ಸೀಸೆಯ ಲೇಬಲ್ ಎರಡು ಸಲ ಓದಿ. 1 ಮಿ.ಲೀ.ನಲ್ಲಿ 1 ಮಿ.ಗ್ರಾಂ. ಇರುವುದೂ ಉಂಟು, 20 ಮಿ.ಗ್ರಾಂ. ಇರುವುದೂ ಉಂಟು, ಅದಲುಬದಲಾದರೆ ಇಪ್ಪತ್ತು ಪಟ್ಟು ವ್ಯತ್ಯಾಸ. ಚಮಚ ಬೇಡ. ಸೂಜಿಯಿಲ್ಲದ 1 ಅಥವಾ 2 ಮಿ.ಲೀ. ಸಿರಿಂಜಿನಲ್ಲಿ ಎಳೆದು, ಗಾಳಿಗುಳ್ಳೆ ತೆಗೆದು, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ವೆನ್ಲಾಫ್ಯಾಕ್ಸಿನ್‌ನಂಥ, ನಿಧಾನವಾಗಿ ಬಿಡುಗಡೆಯಾಗುವ ಮದ್ದನ್ನು ಪುಡಿ ಮಾಡಬಾರದು, ಅಗಿಯಬಾರದು. ಇಡೀ ದಿನದ ಡೋಸ್ ಒಮ್ಮೆಗೇ ಮೈಗೆ ಸೇರುತ್ತದೆ.

ಪ್ರಶ್ನೆ: ಬಿಡಲೇಬೇಕು ಅಂತೇನಾದರೂ ಇದೆಯಾ?

ಮನೋವೈದ್ಯೆ: ಇಲ್ಲ. 2021ರಲ್ಲಿ ಬ್ರಿಟನ್ನಿನ ಆಂಟ್ಲರ್ ಅಧ್ಯಯನ ಪ್ರಕಟವಾಯಿತು. ಬಹುಕಾಲದಿಂದ ಮದ್ದು ತಗೊಂಡು ಚೆನ್ನಾಗಿದ್ದ 478 ಜನರಲ್ಲಿ, ಮುಂದುವರಿಸಿದವರ ಪೈಕಿ ಶೇ. 39 ಮಂದಿಗೆ, ಬಿಟ್ಟವರ ಪೈಕಿ ಶೇ. 56 ಮಂದಿಗೆ ಒಂದು ವರ್ಷದೊಳಗೆ ಖಿನ್ನತೆ ಮರಳಿತು. ಅಂದರೆ ಮದ್ದು ರಕ್ಷಿಸುತ್ತದೆ, ಆದರೆ ಪೂರ್ತಿಯಲ್ಲ; ಬಿಟ್ಟವರಲ್ಲೂ ಶೇ. 44 ಜನ ಚೆನ್ನಾಗಿಯೇ ಉಳಿದರು. ಅಲ್ಲಿ ಡೋಸ್ ಇಳಿಸಿದ್ದು ಹೆಚ್ಚೆಂದರೆ ಎರಡು ತಿಂಗಳಲ್ಲಿ. ನನ್ನ ಪ್ರಕಾರ ಅದು ಅವಸರದ ಇಳಿಕೆ.

ಮೊದಲ ಸಲದ ಖಿನ್ನತೆ, ಗುಣವಾಗಿ ಆರು ತಿಂಗಳು ದಾಟಿದೆ, ಬದುಕು ಸ್ಥಿರವಾಗಿದೆ ಎಂದಾದರೆ ಬಿಡಲು ಪ್ರಯತ್ನಿಸಬಹುದು. ಮೂರ್ನಾಲ್ಕು ಸಲ ಮರಳಿದ್ದರೆ, ಒಮ್ಮೆ ಪ್ರಾಣಕ್ಕೇ ಬಂದಿದ್ದರೆ ಮುಂದುವರಿಸಿ ಎಂದೇ ಹೇಳುತ್ತೇನೆ. ಮುಂದುವರಿಸುವವರು ಆರು ತಿಂಗಳಿಗೊಮ್ಮೆ ವೈದ್ಯರ ಜೊತೆ ಕೂತು ಮಾತಾಡಬೇಕು: ಲೈಂಗಿಕ ಆಸಕ್ತಿ, ತೂಕ, ಸಂತೋಷವೂ ದುಃಖವೂ ತಟ್ಟದ ಮರಗಟ್ಟಿದ ಭಾವ. ವಯಸ್ಸಾದವರಿಗೆ ರಕ್ತದ ಸೋಡಿಯಂ ಪರೀಕ್ಷೆ ಬೇಕು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಜೊತೆಗಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ಅದನ್ನೂ ಹೇಳಿ.

ಮನೆಯಲ್ಲಿ ಸಾವು, ಕೆಲಸ ಹೋದದ್ದು, ಹೆರಿಗೆಯ ಆಸುಪಾಸು: ಇಂಥ ಹೊತ್ತಲ್ಲಿ ಇಳಿಕೆ ಶುರು ಮಾಡಬೇಡಿ. ಗರ್ಭಿಣಿ ಎಂದು ಗೊತ್ತಾದ ಕೂಡಲೇ ತಾವಾಗಿ ನಿಲ್ಲಿಸುವುದೂ ಬೇಡ. ಸಾಯಬೇಕೆಂಬ ಯೋಚನೆ ಬಂದರೆ, ಕೂತಲ್ಲಿ ಕೂರಲಾಗದ ತಳಮಳ ಹತ್ತಿದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು.