ಓದುಗರ ಸ್ಪಂದನ: ಮದುವೆಯಾಗಿ ಎಂಟು ತಿಂಗಳಾದರೂ ಹೋಗದ ಹೆದರಿಕೆ

‘ಪತಿ ಒಳ್ಳೆಯವರು. ಆದರೂ ಅವರು ಹತ್ತಿರ ಬಂದರೆ ಮೈಯೆಲ್ಲ ಬಿಗಿಯುತ್ತದೆ, ಏನೋ ತಪ್ಪು ಮಾಡುತ್ತಿರುವ ಭಾವ ಕಾಡುತ್ತದೆ’ ಎಂದು ಬರೆದಿದ್ದ ಓದುಗರಿಗೆ ಬಂದ ಎರಡು ಉತ್ತರಗಳು ಇಲ್ಲಿವೆ.

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದುವಾಗ 22 ವರ್ಷಗಳ ಹಿಂದಿನ ನನ್ನ ಅಡುಗೆಮನೆ ಕಣ್ಣ ಮುಂದೆ ಬಂತು. ಪತಿಗೆ ನಿದ್ದೆ ಹತ್ತಲಿ ಎಂದು ಕಾಯುತ್ತಾ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಾ ನಿಂತಿರುತ್ತಿದ್ದೆ. ಮೈನೆರೆದ ದಿನದಿಂದ ‘ಹುಡುಗರ ಹತ್ತಿರ ಮಾತು ಬೇಡ, ಸರಿಯಾಗಿ ಕೂತುಕೋ’ ಎಂಬುದನ್ನಷ್ಟೇ ಕೇಳಿ ಬೆಳೆದವಳಿಗೆ, ತಾಳಿ ಕಟ್ಟಿಸಿಕೊಂಡ ರಾತ್ರಿಯೇ ಎಲ್ಲವೂ ಸಹಜವೆನಿಸಬೇಕು ಎಂದರೆ ಮನಸ್ಸು ಒಪ್ಪುವುದಾದರೂ ಹೇಗೆ? ಮಂಟಪದಲ್ಲಿ ನೆಂಟರಿಷ್ಟರೆಲ್ಲರ ಎದುರು ‘ಧರ್ಮೇಚ, ಅರ್ಥೇಚ, ಕಾಮೇಚ’ ಎಂದು ಹೇಳಿಸುವ ನಮ್ಮ ಹಿರಿಯರು, ಆ ಮೂರನೆಯ ಪದದ ಬಗ್ಗೆ ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟಿರುವುದಿಲ್ಲ. ನಿಮ್ಮನ್ನು ಕಾಡುತ್ತಿರುವ ಅಪರಾಧಿ ಭಾವ ಆ ಮೌನದಿಂದ ಬಂದದ್ದು, ನಿಮ್ಮ ತಪ್ಪಿನಿಂದಲ್ಲ.

ಒಂದು ರಾತ್ರಿ ಅಳುತ್ತಲೇ ಎಲ್ಲವನ್ನೂ ಹೇಳಿಕೊಂಡೆ. ತಮ್ಮಲ್ಲೇ ಏನೋ ಕೊರತೆ ಇರಬೇಕು ಎಂದು ಅವರೂ ಒಳಗೊಳಗೇ ಕೊರಗುತ್ತಿದ್ದುದು ಆಗಲೇ ನನಗೆ ಗೊತ್ತಾದದ್ದು. ಕೆಲವು ಕಾಲ ಸಂಭೋಗದ ಮಾತೇ ಬೇಡ, ಕೈ ಹಿಡಿದು ಕೂರೋಣ, ಮಾತನಾಡೋಣ, ತಲೆಗೆ ಎಣ್ಣೆ ಹಚ್ಚಿಕೊಳ್ಳೋಣ ಎಂದು ಇಬ್ಬರೂ ಒಪ್ಪಿಕೊಂಡೆವು. ‘ಸಾಕು’ ಎಂದ ಕೂಡಲೇ ಅವರು ನಿಲ್ಲಿಸುತ್ತಾರೆ ಎಂಬ ನಂಬಿಕೆ ಗಟ್ಟಿಯಾದಂತೆಲ್ಲ, ಹಾಗೆ ಹೇಳಬೇಕಾದ ಸಂದರ್ಭಗಳೇ ಕಡಿಮೆಯಾದವು. ನಮಗೆ ಏಳು ತಿಂಗಳು ಹಿಡಿಯಿತು. ‘ಇನ್ನೂ ಏನೂ ವಿಶೇಷ ಇಲ್ಲವೇ?’ ಎಂದು ಕೇಳುವ ಬಂಧುಗಳಿಗೆ ಉತ್ತರ ಕೊಡುವ ಹೊಣೆಯನ್ನು ದಯವಿಟ್ಟು ನಿಮ್ಮ ಪತಿಗೇ ವಹಿಸಿ.

– ಗೃಹಿಣಿ, ಶಿವಮೊಗ್ಗ

ಮೈ ಬಿಗಿಯುತ್ತದೆ ಎಂದು ಬರೆದಿದ್ದೀರಿ. ವೆಜೈನಿಸ್ಮಸ್ ಎಂಬ ತೊಂದರೆಯಲ್ಲಿ, ಧೂಳು ಹಾರಿದಾಗ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುವಂತೆ, ಯೋನಿಯ ಸುತ್ತಲಿನ ಸ್ನಾಯುಗಳು ನಮ್ಮ ಇಚ್ಛೆಯನ್ನು ಮೀರಿ ಬಿಗಿದುಕೊಳ್ಳುತ್ತವೆ. ನಿಮ್ಮದು ಅದೇ ಎಂದು ಪತ್ರ ನೋಡಿ ಹೇಳಲಾಗದು. ಸೋಂಕಿನಿಂದಲೂ ನೋವು ಬರಬಹುದು. ಆದ್ದರಿಂದ ಸ್ತ್ರೀರೋಗ ತಜ್ಞೆಯನ್ನು ಕಾಣಿ. ಪರೀಕ್ಷೆಗೆ ಹೆದರಿಕೆಯಿದ್ದರೆ, ಮೊದಲ ಭೇಟಿಯಲ್ಲಿ ಮಾತು ಮಾತ್ರ ಸಾಕು ಎಂದು ಧೈರ್ಯವಾಗಿ ಹೇಳಿ. ವೆಜೈನಿಸ್ಮಸ್ ಆಗಿದ್ದರೂ, ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮ, ಡೈಲೇಟರ್ (ಯೋನಿಯ ಸ್ನಾಯುಗಳನ್ನು ನಿಧಾನವಾಗಿ ಹಿಗ್ಗಲು ಅಭ್ಯಾಸ ಮಾಡಿಸುವ ನುಣುಪಾದ ಕೊಳವೆಯಾಕಾರದ ಸಾಧನ) ಬಳಕೆ ಮತ್ತು ಆಪ್ತಸಮಾಲೋಚನೆಯಿಂದ ಗುಣವಾಗುವ ಸಮಸ್ಯೆ ಅದು. ಮನಸ್ಸಿನ ಭಾರವನ್ನು ಯಾರಲ್ಲಾದರೂ ಹೇಳಿಕೊಳ್ಳಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿಗೆ ಹೋಗುವಾಗ ಪತಿಯನ್ನೂ ಕರೆದುಕೊಂಡು ಹೋಗಿ.

– ಶುಶ್ರೂಷಕಿ, ಧಾರವಾಡ