365 ಹಚ್ಚಿದರೂ ಕರೆಂಟ್ ಏರುತ್ತೆ, 530 ಹಚ್ಚಿದರೂ ಏರುತ್ತೆ: ಇದು ಅಣುವಿನ ಕೆಲಸವೇ?

ಎರೆಮಣ್ಣು (ಧಾರವಾಡ):
ಎಸ್‌ಟಿಎಂ ಬ್ರೇಕ್ ಜಂಕ್ಷನ್ (ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನ ತುದಿಯನ್ನು ತಳಕ್ಕೆ ಮುಟ್ಟಿಸಿ ಎಳೆದು, ನಡುವೆ ಸಿಕ್ಕ ಅಣುವಿನ ಕರೆಂಟ್ ಅಳೆಯೋದು). ತುದಿಯೂ ಚಿನ್ನ, ತಳವೂ ಚಿನ್ನ. ಅಣು ಡೈಆರಿಲ್‌ಎಥೀನ್ (ಯುವಿಗೆ ಉಂಗುರ ಮುಚ್ಚಿ, ಗೋಚರ ಬೆಳಕಿಗೆ ಬಿಚ್ಚುವ ಸ್ವಿಚ್ ಅಣು), ಚಿನ್ನ ಹಿಡಿಯಲು ಎರಡೂ ಕೊನೆಗೆ ಥಯೋಮೀಥೈಲ್ ಕೊಂಡಿ, ದ್ರಾವಕ ಮೆಸಿಟಿಲೀನ್‌ನಲ್ಲಿ 1 ಮಿಲಿಮೋಲಾರ್. ಬಯಾಸ್ 100 ಮಿಲಿವೋಲ್ಟ್, ಪ್ರೀಆಂಪ್ (ಕರೆಂಟನ್ನು ವೋಲ್ಟಾಗಿಸುವ ಆಂಪ್ಲಿಫೈಯರ್) ಗೇನ್ ಆಂಪಿಗೆ 10ರ 8ನೇ ಘಾತ ವೋಲ್ಟ್. ತುದಿಯನ್ನು ಒಂದು ಎತ್ತರದಲ್ಲಿ ನಿಲ್ಲಿಸಿ 365 ನ್ಯಾನೋಮೀಟರ್ ಎಲ್‌ಇಡಿ ಹಚ್ಚಿದರೆ ಎರಡು ಸೆಕೆಂಡಿನಲ್ಲಿ ಕರೆಂಟ್ ಹತ್ತು ಪಟ್ಟಾಗುತ್ತೆ, ಆರಿಸಿದರೆ ಮೆಲ್ಲಗೆ ಇಳಿಯುತ್ತೆ. ಉಂಗುರ ಮುಚ್ಚಿಕೊಂಡು ವಾಹಕತೆ ಹೆಚ್ಚಿತು ಅಂತ ಬರೆದುಕೊಂಡಿದ್ದೆ. ಆದರೆ 530ರ ಹಸಿರಿಗೂ ಏರುತ್ತೆ. ಹಸಿರು ಉಂಗುರ ಬಿಚ್ಚಿ ಕರೆಂಟ್ ಇಳಿಸಬೇಕಿತ್ತಲ್ಲ?

ತಂತಿತುದಿ (ಹುಬ್ಬಳ್ಳಿ):
ಎರಡೂ ಬಣ್ಣಕ್ಕ ಒಂದೇ ದಿಕ್ಕಿಗೆ ಹೊಂಟದ ಅಂದ್ರ ಅಣುವಿನ ಮಾತು ಸದ್ಯಕ್ಕ ಬಿಡ್ರಿ. ತುದಿ ಬಿಸಿ ಆಗಿ ಉದ್ದ ಆಗ್ಲಿಕ್ಕತ್ತದ. ಲೆಕ್ಕ ಹಾಕ್ರಿ: ಚಿನ್ನ ಒಂದು ಡಿಗ್ರಿಗೆ ಹತ್ತು ಲಕ್ಷದಾಗ 14 ಭಾಗ ಹಿಗ್ಗತದ. ಹೋಲ್ಡರ್‌ನಿಂದ ಹೊರಗ 5 ಮಿಲಿಮೀಟರ್ ತಂತಿ ಇದ್ರ ಡಿಗ್ರಿಗೆ 70 ನ್ಯಾನೋಮೀಟರ್ ಆತು. ಟನೆಲಿಂಗ್ ಕರೆಂಟ್ (ತುದಿ ತಳ ಮುಟ್ಟದೇ ಸಣ್ಣ ಸಂದು ದಾಟೋ ಕರೆಂಟ್) ಹತ್ತು ಪಟ್ಟಾಗ್ಲಿಕ್ಕೆ ಹೆಚ್ಚುಕಮ್ಮಿ 0.1 ನ್ಯಾನೋಮೀಟರ್ ಸಾಕು. ಅಂದ್ರ 1.4 ಮಿಲಿಡಿಗ್ರಿ! ದ್ರಾವಕದಾಗ ಇನ್ನಷ್ಟು ಬೇಕಾಗಬಹುದು, ಆದ್ರೂ ಎಲ್‌ಇಡಿಗೆ ಅದೇನು ದೊಡ್ಡದಲ್ಲ. ತಂತಿನ 1–2 ಮಿಲಿಮೀಟರಿಗೆ ಮೊಟಕು ಮಾಡ್ರಿ, ಬೆಳಕನ್ನ ಫೈಬರ್‌ನಿಂದ ತಳದ ಕಡೆಯಿಂದ ಕೊಡ್ರಿ.

ಒಂದು ಎಚ್ಚರ. 850ರ ಇನ್‌ಫ್ರಾರೆಡ್ ಹಚ್ಚಿ, ಏನೂ ಆಗ್ಲಿಲ್ಲ, ಹಂಗಾರ ಇದು ಬಿಸಿ ಅಲ್ಲ ಅಂತ ಅನ್ನಬ್ಯಾಡ್ರಿ. ಚಿನ್ನ ಆ ಬೆಳಕನ್ನ ಬಹುತೇಕ ವಾಪಸ್ ಎಸೀತದ, 365ನ್ನ ಅರ್ಧಕ್ಕಿಂತ ಹೆಚ್ಚು ನುಂಗತದ. ತಾಳೆ ನೋಡಬೇಕಾದ್ರ ಬೆಳಕು ಬದಲಿಸಬ್ಯಾಡ್ರಿ, ಅಣು ಬದಲಿಸ್ರಿ. ಅದೇ ದೀಪ, ಅದೇ ಪವರ್, ಜಾಗಕ್ಕ 1,8-ಆಕ್ಟೇನ್‌ಡೈಥಯೋಲ್. ಅದಕ್ಕ 365ರ ಗೊಡವೆ ಇಲ್ಲ. ಅದರಾಗೂ ಏರಿದ್ರ ಬಿಸಿನೇ ಅಂತ ತೀರಿತು.

ಶೂನ್ಯಬಯಾಸ್:
ಬಿಸಿಯ ಲೆಕ್ಕ ಸರಿ. ಅದಕ್ಕೂ ಮುಂಚೆ ಎರಡು ನಿಮಿಷದ ಪರೀಕ್ಷೆ ಮಾಡಿ: ತುದಿಯನ್ನು ಪೂರ್ತಿ 1 ಮಿಲಿಮೀಟರ್ ಮೇಲೆತ್ತಿ ದೀಪ ಹಚ್ಚಿ. ಆಗಲೂ ಕರೆಂಟ್ ಕಂಡರೆ ಪ್ರೀಆಂಪ್ ಬಿಚ್ಚಿ ನೋಡಿ. ಇನ್‌ಪುಟ್ ರಕ್ಷಣೆಗೆ 1ಎನ್4148 ಥರದ ಗಾಜಿನ ಡಯೋಡ್ ಹಾಕಿರುತ್ತಾರೆ, ಅದು ಬೆಳಕಿಗೆ ಪುಟ್ಟ ಸೋಲಾರ್ ಸೆಲ್ಲೇ. ಕಪ್ಪು ಹೀಟ್‌ಶ್ರಿಂಕ್ ತೊಡಿಸಿ. ಚಿನ್ನದಿಂದ ಇಲೆಕ್ಟ್ರಾನ್ ಹಾರುತ್ತಿರಬಹುದೇ ಎಂಬ ಅನುಮಾನ ಬೇಡ: 365ರ ಫೋಟಾನ್‌ಗೆ 3.4 ಇಲೆಕ್ಟ್ರಾನ್‌ವೋಲ್ಟ್ ಮಾತ್ರ, ಚಿನ್ನಕ್ಕೆ 5ರ ಆಸುಪಾಸು ಬೇಕು.

ಗೇನ್ ಕೂಡ ತಪ್ಪಿದೆ. 100 ಮಿಲಿವೋಲ್ಟಿಗೆ 10ರ 8ನೇ ಘಾತ ಇಟ್ಟರೆ 100 ನ್ಯಾನೋಆಂಪಿಗೇ 10 ವೋಲ್ಟ್ ತುಂಬುತ್ತೆ. ಜಿ-ನಾಟ್ (ವಾಹಕತೆಯ ಕ್ವಾಂಟಂ, ಚಿನ್ನದ ಒಂದು ಪರಮಾಣುವಿನ ಸಂಪರ್ಕಕ್ಕೆ ಸಿಗುವಷ್ಟು) ಅಂದರೆ 77.5 ಮೈಕ್ರೋಸೀಮೆನ್ಸ್, ನಿಮ್ಮ ಆಂಪ್ 0.013 ಜಿ-ನಾಟ್‌ಗೇ ಕಣ್ಣು ಮುಚ್ಚುತ್ತೆ. ಚಿನ್ನದ ಒಂದು ಪರಮಾಣುವಿನ ಮೆಟ್ಟಿಲು ಕಾಣದೆ ಟ್ರೇಸ್‌ಗಳನ್ನು (ಪ್ರತಿ ಎಳೆತದ ಕರೆಂಟ್ ಗೆರೆಗಳನ್ನು) ಎಲ್ಲಿಂದ ಜೋಡಿಸುತ್ತೀರಿ? ಲಾಗ್ ಆಂಪ್ (ಕರೆಂಟಿನ ಲಾಗರಿದಮ್ ಕೊಡುವ ಆಂಪ್ಲಿಫೈಯರ್) ಹಾಕಿ. ಇಲ್ಲವೇ 10ರ 6 ಮತ್ತು 10ರ 9 ಎರಡು ಚಾನೆಲ್ ಇಡಿ.

ದ್ರಾವಣವೂ ದಟ್ಟ. ಮೋಲಾರ್ ಹೀರಿಕೆ 10,000 ಅಂತ ಹಿಡಿದರೆ 1 ಮಿಲಿಮೋಲಾರ್, 1 ಮಿಲಿಮೀಟರ್ ಆಳಕ್ಕೆ ಅಬ್ಸಾರ್ಬೆನ್ಸ್ 1. ಮೇಲಿಂದ ಬಿದ್ದ ಬೆಳಕಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ತಳ ಮುಟ್ಟುತ್ತೆ. 0.05 ಮಿಲಿಮೋಲಾರಿಗೆ ಇಳಿಸಿ. ಎಲ್‌ಇಡಿಗೆ ಪಿಡಬ್ಲ್ಯುಎಂ ಡಿಮ್ಮರ್ (ದೀಪವನ್ನು ವೇಗವಾಗಿ ಹಚ್ಚಿ ಆರಿಸಿ ಮಂದ ಮಾಡುವಂಥದ್ದು) ಬೇಡ, ನೇರ ಡಿಸಿ ಕರೆಂಟ್ ಕೊಡಿ.

ಕಪ್ಪತಗುಡ್ಡ (ಗದಗ):
ಇಷ್ಟೆಲ್ಲ ಸರಿಪಡಿಸಿ ಹಿಸ್ಟೋಗ್ರಾಂನ (ಎಲ್ಲ ಟ್ರೇಸ್ ಸೇರಿಸಿ ಯಾವ ವಾಹಕತೆ ಎಷ್ಟು ಸಲ ಬಂತು ಎಂಬ ಎಣಿಕೆ) ಶಿಖರ ಸರಿದರೂ "ಜಂಕ್ಷನ್‌ನಲ್ಲಿ ಅಣು ತಿರುಗಿತು" (ರೂಪ ಬದಲಿಸಿತು) ಎಂದು ಬರೆಯಬೇಡಿ. ಬ್ರೇಕ್ ಜಂಕ್ಷನ್ ಪ್ರತಿ ಎಳೆತಕ್ಕೂ ದ್ರಾವಣದಿಂದ ಬೇರೊಂದು ಅಣು ಹಿಡಿಯುತ್ತೆ. ದ್ರಾವಣದಲ್ಲೇ ಉಂಗುರ ಮುಚ್ಚಿಕೊಂಡ ಅಣು ಬಂದು ಸಿಕ್ಕಿಕೊಂಡರೂ ಅದೇ ಶಿಖರ ಬರುತ್ತೆ.

ಚಿನ್ನಕ್ಕೆ ಅಂಟಿದ ಮೇಲೆ ಕಥೆ ಬೇರೆ. 2003ರಲ್ಲಿ ನೆದರ್ಲೆಂಡ್ಸ್‌ನ ಗುಂಪು ಇದೇ ವರ್ಗದ ಅಣುವನ್ನು ಚಿನ್ನದ ನಡುವೆ ಕೂರಿಸಿದಾಗ ಗೋಚರ ಬೆಳಕಿಗೆ ಉಂಗುರ ಬಿಚ್ಚಿತು, ಯುವಿಗೆ ಮತ್ತೆ ಮುಚ್ಚಲಿಲ್ಲ. ಪ್ರಚೋದಿತ ಸ್ಥಿತಿ ಉಂಗುರ ಮುಚ್ಚುವ ಮೊದಲೇ ಚಿನ್ನದೊಳಗೆ ಸೋರಿಹೋಗುತ್ತೆ ಎಂಬುದು ಅವರ ವಿವರಣೆ. 2016ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದವರು ಗ್ರಾಫೀನ್ ಇಲೆಕ್ಟ್ರೋಡ್ ಬಳಸಿ, ಅಣುವಿನ ಎರಡೂ ಬದಿಗೆ ಮೂರು ಮೂರು ಮೀಥಿಲೀನ್ ಸೇರಿಸಿ ಹಿಡಿತ ಸಡಿಲಿಸಿದರು. ಆಗ ಎರಡೂ ದಿಕ್ಕಿಗೆ ತಿರುಗಿತು, ಆನ್-ಆಫ್ ಅನುಪಾತ ಸುಮಾರು 100.

ನಿಮ್ಮಲ್ಲಿರುವ ಅಣುವಿಗೆ ಕ್ರಮ ಹೀಗಿರಲಿ. ಕ್ವಾರ್ಟ್ಸ್ ಕ್ಯುವೆಟ್‌ನಲ್ಲಿ 365 ಕೊಟ್ಟು, ಬಣ್ಣ ಬಂದು ಸ್ಪೆಕ್ಟ್ರಂ ಇನ್ನು ಬದಲಾಗದು ಅನ್ನುವವರೆಗೆ ಕಾಯಿರಿ. ಅದನ್ನು ಕತ್ತಲಲ್ಲಿ ಹನಿಸಿ 2,000 ಟ್ರೇಸ್. ಬಿಚ್ಚಿದ ರೂಪಕ್ಕೂ ಅಷ್ಟೇ. ಎರಡು ಶಿಖರ ಗಟ್ಟಿಯಾದ ಮೇಲೆ ಒಂದೇ ಜಂಕ್ಷನ್ ಹಿಡಿದು ನಿಲ್ಲಿಸಿ 530 ಹಚ್ಚಿ, ಕರೆಂಟಿನ ಆಕಾರ ನೋಡಿ. ಬಿಸಿಯಾದರೆ ನುಣುಪಾಗಿ ಬಾಗುತ್ತೆ. ಅಣು ತಿರುಗಿದರೆ ಅಳತೆಯ ಒಂದೇ ಬಿಂದುವಿನಲ್ಲಿ ಮೆಟ್ಟಿಲು ಇಳಿದು, ಮುಚ್ಚಿದ ಶಿಖರದಿಂದ ಬಿಚ್ಚಿದ ಶಿಖರಕ್ಕೆ ಬಂದು ನಿಲ್ಲುತ್ತೆ. ಬರೀ ಶೂನ್ಯಕ್ಕೆ ಬಿದ್ದರೆ ಕೊಂಡಿ ಕಳಚಿದೆ ಅಷ್ಟೇ, ಅದನ್ನು ಎಣಿಸಬೇಡಿ.

ಎರೆಮಣ್ಣು:
ತುದಿ ಎತ್ತಿ ನೋಡಿದೆ: ಕರೆಂಟ್ ಇಲ್ಲ, ಡಯೋಡ್ ಅಲ್ಲ. ಆಕ್ಟೇನ್‌ಡೈಥಯೋಲ್‌ಗೂ ಎರಡು ಸೆಕೆಂಡಿನಲ್ಲಿ ಅದೇ ಏರಿಕೆ. ತಂತಿ ಹೋಲ್ಡರ್‌ನಿಂದ 7 ಮಿಲಿಮೀಟರ್ ಹೊರಗಿತ್ತು. ಇನ್ನೊಂದು: ಪಿಬಿ ರಸ್ತೆಯಲ್ಲಿ ಲಾರಿ ಹೋದಾಗೆಲ್ಲ ಹಿಡಿದ ಜಂಕ್ಷನ್ ಕಳಚುತ್ತೆ.

ತಂತಿತುದಿ:
ಕಡಪಾ ಕಲ್ಲಿನ ದಪ್ಪ ಹಾಸಿನ ಕೆಳಗ ಸ್ಕೂಟರ್ ಟ್ಯೂಬ್ ಇಡ್ರಿ, ಗಾಳಿ ಅರ್ಧ ಮಾತ್ರ. ಟ್ಯೂಬ್ ಗಟ್ಟಿ ಆದ್ರ ಲಾರಿ ನೇರ ತುದಿಗೇ ಬರತದ. ದೀಪ ಹಚ್ಚಿದ ಮ್ಯಾಲ ಇಪ್ಪತ್ತು ನಿಮಿಷ ಹಂಗ ಉರೀಲಿಕ್ಕೆ ಬಿಟ್ಟು, ಬಿಸಿ ಒಂದ ಹದಕ್ಕ ಬಂದ್ಮ್ಯಾಲ ಟ್ರೇಸ್ ಶುರು ಮಾಡ್ರಿ.